ಸಾಲು ಬಾಬ್ ಕೇಳದ ಪ್ರಶ್ನೆ

ಸಾಲು ಬಾಬ್ ಪೆಟ್ರೋಲಿನ ಒಂದು ಹನಿಯನ್ನು ಎಡಗೈಯ ಹಿಂಬದಿಗೆ ಬಿಟ್ಟುಕೊಂಡು, ನಾಡಿ ನೋಡುವ ವೈದ್ಯರ ಹಾಗೆ ಕಣ್ಣು ಮುಚ್ಚಿ ಕೂರುತ್ತಿದ್ದರು. ಎಡಗೈ ಎಂದು ಬರೆದೆ. ಬಲಗೈಯೂ ಇರಬಹುದು. ಈ ಬರಹದಲ್ಲಿ ಇಂಥ ತಪ್ಪುಗಳು ಇನ್ನೂ ಇದ್ದಾವು. ಅವರ ಶೆಡ್ಡಿನ ಪಕ್ಕದಲ್ಲಿದ್ದದ್ದು ಜೀಗುಜ್ಜೆ ಮರವೋ ಹಲಸೋ, ಅವರ ಮೀಸೆ ಆಗಲೇ ನರೆತಿತ್ತೋ ಇಲ್ಲವೋ, ಇವನ್ನು ನಾನು ಆಣೆ ಮಾಡಿ ಹೇಳಲಾರೆ. ಡೈರಿ ಬರೆಯುವ ಅಭ್ಯಾಸ ನನಗೆ ಕಾಲೇಜಿನ ಮೊದಲ ವರ್ಷದಿಂದಲೂ ಇದೆ. ಆದರೆ ಯಾವುದು ಮುಂದೆ ಬೇಕಾಗುತ್ತದೆ ಎಂದು ಆಗ ಯಾರಿಗೆ ಗೊತ್ತಿರುತ್ತದೆ? ಬೇಕಾದದ್ದೊಂದನ್ನೂ ನಾನು ಬರೆದಿಟ್ಟಿಲ್ಲ.

ಆದರೆ ಹಿಂಗೈಯ ಮೇಲಿನ ಆ ಹನಿ ಮಾತ್ರ ನಿಜ. ಒಳ್ಳೆಯ ಪೆಟ್ರೋಲಾದರೆ ಚಳಿ ಹುಟ್ಟಿಸಿ ಆರಿಹೋಗುತ್ತದೆ, ಚರ್ಮ ಬಿಳಿಚಿಕೊಳ್ಳುತ್ತದೆ. ಬೆರಕೆಯಾದರೆ ಜಿಡ್ಡು ಉಳಿಯುತ್ತದೆ. ಅದು ಯುದ್ಧದ ಕಾಲ. ಪೆಟ್ರೋಲಿಗೆ ಕೂಪನ್ನು, ಕೂಪನ್ನಿಗೆ ಸರದಿ, ಸರದಿಯಲ್ಲಿ ನಿಂತು ತಂದದ್ದರಲ್ಲಿ ಬೆರಕೆ. ಭಾವನ ಗಾಡಿ ಮೊದಲ ಸಲ ಕೆಮ್ಮಿ ನಿಂತಾಗ ಸಾಲು ಬಾಬ್ ಕಣ್ಣು ತೆರೆದು ಹೇಳಿದ್ದು ಹೀಗೆ:

"ಶೆಟ್ರೇ, ಇದರಲ್ಲಿ ಪೆಟ್ರೋಲು ಇಲ್ಲ ಅಂತ ನಾನು ಹೇಳುವುದಿಲ್ಲ. ಉಂಟು. ಆದ್ರೆ ಅದು ನೆಂಟರ ಹಾಗೆ ಬಂದು ಕೂತದ್ದು. ಮನೆಯವರು ಚಿಮಿಣಿ ಎಣ್ಣೆ."

ಭಾವ ಎಂದರೆ ನನ್ನ ಅಕ್ಕ ಗಿರಿಜಕ್ಕನ ಗಂಡ. ನದಿ ದಡದ ಒಂದು ಹಂಚಿನ ಕಾರ್ಖಾನೆಯಲ್ಲಿ ಗುಮಾಸ್ತರಾಗಿದ್ದರು. ದೇರೆಬೈಲಿನಲ್ಲಿ ಅವರ ಬಾಡಿಗೆ ಮನೆ. ನಾನು ಆ ಮನೆಯಲ್ಲಿದ್ದುಕೊಂಡು ಬಿ.ಎ. ಓದುತ್ತಿದ್ದೆ. ತನ್ನ ದೇಶಕ್ಕೆ ಮರಳಿದ ಒಬ್ಬ ಬಿಳಿಯ ದೊರೆಯಿಂದ ಭಾವ ಅಗ್ಗಕ್ಕೆ ಕೊಂಡ ಮೋಟಾರ್ ಸೈಕಲ್ ನಮ್ಮ ಅಂಗಳದ ಸಂಪತ್ತು. ಟೂ-ಸ್ಟ್ರೋಕ್ ಗಾಡಿ. ಇಂಥ ಗಾಡಿಗೆ ಎಣ್ಣೆಯನ್ನು ಬೇರೆಯಾಗಿ ಹೊಯ್ಯುವುದಿಲ್ಲ, ಪೆಟ್ರೋಲಿನಲ್ಲೇ ಬೆರೆಸಿ ಟಾಂಕಿಗೆ ತುಂಬಬೇಕು. ಇದನ್ನು ನನಗೆ ಕಲಿಸಿದವರೂ ಸಾಲು ಬಾಬ್.

ದೇರೆಬೈಲಿನಿಂದ ಇಳಿದು ಬರುವ ದಾರಿಯ ತಿರುವಿನಲ್ಲಿ ಅವರ ಶೆಡ್ಡು. ಹಿಂದೆಯೇ ಮನೆ. ಮೊದಲು ಹೊಲಿಗೆ ಯಂತ್ರ ರಿಪೇರಿ ಮಾಡುತ್ತಿದ್ದವರಂತೆ. ಆಮೇಲೆ ಇಗರ್ಜಿಯ, ಎಂದರೆ ಚರ್ಚಿನ, ಹಾರ್ಮೋನಿಯಂ, ಆಮೇಲೆ ಬಸ್ಸು, ಕೊನೆಗೆ ಇದು. ತುಳುವರ ಜೊತೆ ತುಳು, ಮನೆಯಲ್ಲಿ ಕೊಂಕಣಿ. ನನ್ನ ಜೊತೆ ಮಾತ್ರ ಕನ್ನಡ. "ಕಾಲೇಜಿಗೆ ಹೋಗುವವರ ಹತ್ರ ಪುಸ್ತಕದ ಭಾಷೆ ಮಾತಾಡ್ಬೇಕಲ್ವಾ ಬಾಯಿ?" ಎಂದು ನಗುತ್ತಿದ್ದರು. ಕೊಂಕಣಿಯಲ್ಲಿ ಗೌರವಕ್ಕೆ ಗಂಡಸರು ಬಾಬ್, ಹೆಂಗಸರು ಬಾಯಿ.

ಕೆಟ್ಟ ಗಾಡಿ ಬಂದರೆ ಅವರು ಮೊದಲು ಅದನ್ನು ಮುಟ್ಟುತ್ತಿರಲಿಲ್ಲ. ಸವಾರನನ್ನು ಮುರುಕು ಬೆಂಚಿನ ಮೇಲೆ ಕೂರಿಸಿ ಮೂರು ಪ್ರಶ್ನೆ ಕೇಳುತ್ತಿದ್ದರು. ಎಂತ ಕುಡಿಸಿದ್ರಿ? ಎಷ್ಟು ದಿನ ನಿಲ್ಲಿಸಿದ್ರಿ? ಹೇಗೆ ನಿಲ್ಲಿಸಿದ್ರಿ? ಯಾರೇ ಬರಲಿ, ಎಷ್ಟೇ ಅವಸರವಿರಲಿ, ಈ ಮೂರಕ್ಕೆ ಉತ್ತರ ಸಿಗದೆ ಸ್ಪಾನರು ಕೈಗೆ ಬರುತ್ತಿರಲಿಲ್ಲ. ಒಮ್ಮೆ ಒಬ್ಬ ಕಂಟ್ರಾಕ್ಟರರು "ನನಗೆ ಕೆಲಸ ಉಂಟು ಮಾರಾಯ್ರೇ, ನೀವು ಬಿಚ್ಚಿ ನೋಡಿ" ಎಂದು ಗದರಿದಾಗ ಸಾಲು ಬಾಬ್ ಬೀಡಿ ಹಚ್ಚಿಕೊಂಡು ಹೊರಗೆ ಹೋಗಿ ಕೂತುಬಿಟ್ಟರು.

"ಎಂತ ತಿಂದ್ರಿ ಅಂತ ಡಾಕ್ಟರು ಕೇಳಿದ್ರೆ ಹೇಳ್ತೀರಿ. ನನ್ನ ಹತ್ರ ಯಾಕೆ ನಾಚಿಕೆ?"

ಮೂರನೆಯ ಪ್ರಶ್ನೆಯೇ ಅವರಿಗೆ ಮುಖ್ಯ. ಇಂಥ ಗಾಡಿಯನ್ನು ಹೇಗೆ ಬೇಕೋ ಹಾಗೆ ನಿಲ್ಲಿಸಬಾರದು ಎಂಬುದು ಅವರ ಧರ್ಮವಾಗಿತ್ತು. ಕಾರ್ಬುರೇಟರಿನ ಕೆಳಗೆ ಒಂದು ಪುಟ್ಟ ಬಟ್ಟಲು ಇರುತ್ತದೆ. ಎಂಜಿನು ನಿಂತ ಮೇಲೆ ಅದರಲ್ಲಿ ಉಳಿದ ಪೆಟ್ರೋಲು ಆವಿಯಾಗಿ ಹೋಗುತ್ತದೆ, ಬೆರೆಸಿದ ಎಣ್ಣೆ ಮಾತ್ರ ತಳದಲ್ಲಿ ಕೂರುತ್ತದೆ. ಒಂದೆರಡು ದಿನಕ್ಕೆ ಏನೂ ಆಗದು. ಹೆಚ್ಚು ದಿನ ನಿಂತರೆ ಆ ಅಂಟು ಜೆಟ್ಟಿನ ತೂತನ್ನು, ಎಂದರೆ ಪೆಟ್ರೋಲು ಒಳಗೆ ಹೋಗುವ ಸೂಜಿಮೊನೆಯಷ್ಟು ದಾರಿಯನ್ನು, ಮುಚ್ಚಿಬಿಡುತ್ತದೆ. ಆದ್ದರಿಂದ ಗಾಡಿಯನ್ನು "ಬಾಯಾರಿಸಿ ಮಲಗಿಸಬೇಕು". ಟಾಂಕಿಯ ನಲ್ಲಿಯನ್ನು ಮುಚ್ಚಿ, ಎಂಜಿನನ್ನು ಹಾಗೆಯೇ ಬಿಟ್ಟು, ಅದು ಬಟ್ಟಲನ್ನು ಕುಡಿದು ಮುಗಿಸಿ ತಾನಾಗಿ ನಿಲ್ಲುವವರೆಗೆ ಕಾಯಬೇಕು.

"ಎಷ್ಟು ಹೊತ್ತು ಕಾಯಬೇಕು?" ಎಂದು ನಾನು ಕೇಳಿದ್ದೆ.

"ಗಡಿಯಾರ ನೋಡ್ಬೇಡಿ ಬಾಯಿ, ಕಿವಿ ಕೊಡಿ. ನಿಲ್ಲುವ ಮೊದಲು ಒಂದು ಸಲ ಹಾಡ್ತದೆ."

ನಲ್ಲಿ ಮುಚ್ಚಿ ತೋರಿಸಿದರು. ಎಂಜಿನು ಬಹಳ ಹೊತ್ತು ಎಂದಿನಂತೆ ಪಟಪಟ ಎನ್ನುತ್ತಿತ್ತು. ಇನ್ನು ನಿಲ್ಲುವುದಿಲ್ಲವೇನೋ ಎಂದುಕೊಳ್ಳುವಾಗ ಸ್ವರ ಒಮ್ಮೆಗೇ ಮೇಲೇರಿತು. ಯಾರೋ ಕಿವಿ ಹಿಂಡಿದ ಹಾಗೆ, ತೆಳ್ಳಗೆ, ಎತ್ತರಕ್ಕೆ. ಆಮೇಲೆ ಎರಡು ಬಿಕ್ಕಳಿಕೆ. ಮೌನ.

"ಕೇಳಿತಾ? ಇದು ಕೇಳಿದ್ರೆ ಬಟ್ಟಲು ಖಾಲಿ. ಇದು ಕೇಳ್ಲಿಲ್ಲ ಅಂದ್ರೆ ನೀವು ನಿಲ್ಲಿಸಿದ್ದು, ಅದು ನಿಂತದ್ದಲ್ಲ."

ಆ ವರ್ಷ ಅಕ್ಕ ಬಸುರಿಯಾದಳು. ಮದುವೆಯಾಗಿ ಏಳು ವರ್ಷಗಳ ಮೇಲೆ. ಮನೆಯಲ್ಲಿ ಎಲ್ಲರೂ ಮೆಲ್ಲಗೆ ನಡೆಯುತ್ತಿದ್ದೆವು, ಮೆಲ್ಲಗೆ ಮಾತಾಡುತ್ತಿದ್ದೆವು. ಸೂಲಗಿತ್ತಿಯ ಮನೆ ಹತ್ತಿರವೇ ಇತ್ತು. ಆದರೆ ಏನಾದರೂ ಹೆಚ್ಚುಕಡಿಮೆಯಾದರೆ ಲೇಡಿ ಡಾಕ್ಟರನ್ನು ಪೇಟೆಯ ಆಚೆ ಬದಿಯ ಫಳ್ನೀರಿನಿಂದಲೇ ಕರೆತರಬೇಕು. ಜಟಕಾ ಸಿಕ್ಕಿದರೆ ಸಿಕ್ಕಿತು, ಇಲ್ಲದಿದ್ದರೆ ಇಲ್ಲ. ಭಾವ ಲೆಕ್ಕ ಹಾಕಿ ಒಂದು ತೀರ್ಮಾನ ಮಾಡಿದರು. ತಿಂಗಳು ತುಂಬುವ ಹೊತ್ತಿಗೆ ಟಾಂಕಿಯಲ್ಲಿ ಅರ್ಧದಷ್ಟಾದರೂ ಇರಬೇಕು, ಆಮೇಲೆ ಗಾಡಿ ಹತ್ತುವಂತಿಲ್ಲ. ಕಾರ್ಖಾನೆಗೆ ನಡೆದೇ ಹೋಗುವುದು. ಆ ಪೆಟ್ರೋಲು ಮಗುವಿನ ಪೆಟ್ರೋಲು.

ಪೆಟ್ರೋಲು ಹೇಗೋ ಕೂಡಿತು. ಬೆರೆಸುವ ಎಣ್ಣೆ ಇರಲಿಲ್ಲ. ಪೇಟೆಯಲ್ಲಿ ಎಲ್ಲೂ ಇರಲಿಲ್ಲ. ಅಮ್ಮ ಬಾಣಂತನಕ್ಕೆಂದು ಊರಿನಿಂದ ಎರಡು ಡಬ್ಬಿ ತೆಂಗಿನೆಣ್ಣೆ ತಂದಿದ್ದಳು. ಭಾವ ಅದರಲ್ಲಿ ಒಂದನ್ನು ಎತ್ತಿಕೊಂಡು ಶೆಡ್ಡಿಗೆ ನಡೆದರು. ನಾನೂ ಜೊತೆಗೆ ಹೋದೆ.

ಸಾಲು ಬಾಬ್ ಡಬ್ಬಿಯನ್ನು ಮೂಸಿ ನೋಡಿದರು. "ಎಣ್ಣೆ ಚಿನ್ನದ ಹಾಗೆ ಉಂಟು ಶೆಟ್ರೇ. ಮೀನು ಕಾಯಿಸ್ಲಿಕ್ಕೆ."

"ಹೊಟ್ಟೆಗೆ ಆಗುವುದು ಎಂಜಿನಿಗೆ ಆಗುದಿಲ್ವಾ?"

"ಓಡ್ತಾ ಇದ್ರೆ ಆಗ್ತದೆ. ನಿಂತ್ರೆ ಕಷ್ಟ. ಇನ್ನು ಡಿಸೆಂಬರು. ನಿಮ್ಮ ಮನೆಯ ಬಾಟ್ಲಿಯಲ್ಲೇ ಬೆಳಿಗ್ಗೆ ಎಣ್ಣೆ ಹೆಪ್ಪುಗಟ್ಟಿ ಕೂತಿರ್ತದಲ್ವಾ? ಬಟ್ಟಲಲ್ಲೂ ಹಾಗೇ ಕೂರ್ತದೆ. ಒಂದು ವಾರ ತಡೀರಿ, ನಾನು ಎಲ್ಲಿಂದಾದ್ರೂ ಬೇರೆ ಎಣ್ಣೆ ತರ್ತೇನೆ."

"ಒಂದು ವಾರದಲ್ಲಿ ನೋವು ಬಂದ್ರೆ?"

ಸಾಲು ಬಾಬ್ ಡಬ್ಬಿಯನ್ನು ಕೈಗೆ ತೆಗೆದುಕೊಂಡರು. ಅಳೆದು, ಬಟ್ಟೆಯಲ್ಲಿ ಸೋಸಿ, ತಾವೇ ಬೆರೆಸಿಕೊಟ್ಟರು. ಆಮೇಲೆ ಭಾವನಿಗೆ ಒಮ್ಮೆ, ನನಗೆ ಒಮ್ಮೆ, ಬೇರೆ ಬೇರೆಯಾಗಿ ಹೇಳಿದರು: "ಬಾಯಾರಿಸಿ ಮಲಗಿಸಿ. ಈ ಎಣ್ಣೆಗೆ ಅದೊಂದೇ ಮದ್ದು."

ಟಾಂಕಿ ಅರ್ಧಕ್ಕೆ ಇಳಿಯುವವರೆಗೆ ಒಂದೆರಡು ದಿನ ಗಾಡಿ ಚೆನ್ನಾಗಿಯೇ ಓಡಿತು. ಹೊಗೆಗೆ ಹಪ್ಪಳ ಕರಿದ ಪರಿಮಳ. ಪಕ್ಕದ ಮನೆಯ ಅಜ್ಜಿ "ನಿಮ್ಮ ಶೆಟ್ರು ಬಂದ್ರು ಅಂತ ಈಗ ಮೂಗಿಗೇ ಗೊತ್ತಾಗ್ತದೆ" ಎಂದು ಬೇಲಿಯಾಚೆಯಿಂದ ತಮಾಷೆ ಮಾಡುತ್ತಿದ್ದರು. ಅಕ್ಕನೂ ನಗುತ್ತಿದ್ದಳು.

ಇನ್ನು ಆ ಸಂಜೆ. ಇಲ್ಲಿ ನಾನು ನಿಧಾನವಾಗಿ ಬರೆಯಬೇಕು.

ಭಾವ ಗಾಡಿಯನ್ನು ಕೊನೆಯ ಸಲ ಅಂಗಳಕ್ಕೆ ತಂದರು. ಎಂಜಿನು ಓಡುತ್ತಲೇ ಇತ್ತು. ಅಷ್ಟರಲ್ಲಿ ಅಕ್ಕನಿಗೆ ತಲೆ ಸುತ್ತು ಬಂತೆಂದು ಅಮ್ಮ ಒಳಗಿನಿಂದ ಕೂಗಿದಳು. ಭಾವ ಓಡಿದರು. ಓಡುತ್ತಾ "ಸುಮತಿ, ನಲ್ಲಿ ಮುಚ್ಚು" ಎಂದರು. ನಾನು ಮುಚ್ಚಿದೆ. ಹಿತ್ತಾಳೆಯ ಆ ಸಣ್ಣ ನಲ್ಲಿ ಬೆರಳಿಗೆ ತಾಗಿದ್ದು ಈಗಲೂ ನೆನಪಿದೆ. ಅಷ್ಟು ಖಚಿತ. ಎಂಜಿನು ಪಟಪಟ ಎನ್ನುತ್ತಿತ್ತು, ಅಕ್ಕನ ಮಂಚ ಅಂಗಳದ ಕಿಟಕಿಯ ಪಕ್ಕದಲ್ಲೇ ಇತ್ತು. "ಆ ಸದ್ದು" ಎಂದು ಅಮ್ಮನೋ ಅಕ್ಕನೋ ಗೊಣಗಿದ ಹಾಗೆ ನೆನಪು. ಆಮೇಲೆ ಮೌನ. ನಾನು ಒಳಗೆ ಹೋದೆ.

ಆ ಮೌನ ಹೇಗೆ ಬಂತು? ಹಾಡಿ ಬಂತೇ? ಅಥವಾ ಅಕ್ಕನಿಗೆ ಕಿರಿಕಿರಿಯಾಗುತ್ತದೆಂದು ನಾನೇ ಹ್ಯಾಂಡಲಿನಲ್ಲಿದ್ದ, ಎಂಜಿನನ್ನು ಒಮ್ಮೆಗೇ ನಿಲ್ಲಿಸುವ ಕಡ್ಡಿಯನ್ನು ಎಳೆದುಬಿಟ್ಟೆನೇ? ಡೈರಿಯ ಪುಟ ನನ್ನ ಮುಂದೆಯೇ ಇದೆ. "ಅಕ್ಕನಿಗೆ ತಲೆಸುತ್ತು. ಭಾವ ಬೇಗ ಬಂದರು. ಲಾಜಿಕ್ ಓದಿದೆ." ಅಷ್ಟೇ.

ಹನ್ನೆರಡು ದಿನ ಗಾಡಿ ಗೋಣಿಯ ಕೆಳಗೆ ನಿಂತಿತು. ಭಾವ ದಿನಕ್ಕೊಮ್ಮೆ ಟಾಂಕಿಗೆ ಕಡ್ಡಿ ಅದ್ದಿ ನೋಡುತ್ತಿದ್ದರು, ಇದ್ದದ್ದು ಇದೆಯೇ ಎಂದು. ಎಂಜಿನನ್ನು ಮಾತ್ರ ಚಾಲೂ ಮಾಡಲಿಲ್ಲ. ಒಂದು ಗುಟುಕು ಕೂಡ ದಂಡವಾಗಬಾರದಲ್ಲ!

ಹದಿಮೂರನೆಯ ಬೆಳಿಗ್ಗೆ, ಬೆಳಕು ಹರಿಯುವ ಹೊತ್ತು. ಸೂಲಗಿತ್ತಿ ಒಳಗಿನಿಂದ ಬಂದು ಅಮ್ಮನ ಕಿವಿಯಲ್ಲಿ ಏನೋ ಹೇಳಿದಳು. ಅಮ್ಮ ಭಾವನ ಕಡೆ ನೋಡಿದಳು. "ಮಗುವಿನ ಕಾಲು ಮುಂದೆ ಬಂದುಂಟಂತೆ. ಡಾಕ್ಟರು ಬೇಕು, ಈಗಲೇ."

ಭಾವ ಗೋಣಿ ಎಳೆದೆಸೆದು, ನಲ್ಲಿ ತೆರೆದು, ಕಿಕ್ ಹೊಡೆದರು. ಒಂದು, ಎರಡು, ಹತ್ತು. ಅಂಗಿ ಬಿಚ್ಚಿ ಮತ್ತೆ ಹೊಡೆದರು. ಒಂದು ಸಲ ಕೆಮ್ಮಿತು. ಆ ಕೆಮ್ಮೇ ನಮ್ಮನ್ನು ಕೆಡಿಸಿತು. ಇನ್ನೊಂದು ಕಿಕ್ಕಿಗೆ ಹಿಡಿಯುತ್ತದೆ, ಇನ್ನೊಂದಕ್ಕೆ ಹಿಡಿಯುತ್ತದೆ ಎಂದು ನಾವು ಅಲ್ಲೇ ನಿಂತೆವು. ಆಗಲೇ ಯಾರಾದರೂ ಫಳ್ನೀರಿಗೆ ಓಡಿದ್ದರೆ ಎಂದು ಆಮೇಲೆ ಎಷ್ಟು ಸಲ ಅಂದುಕೊಂಡಿದ್ದೇನೋ. ಕೊನೆಗೆ ಇಳಿಜಾರಿನಲ್ಲಾದರೂ ಹಿಡಿದೀತೆಂದು ಭಾವ ಹ್ಯಾಂಡಲು ಹಿಡಿದರು, ನಾನು ಹಿಂದಿನಿಂದ ತಳ್ಳಿದೆ. ಗಾಡಿ ಉರುಳಿತು, ಎಂಜಿನು ಹಿಡಿಯಲಿಲ್ಲ. ಅರ್ಧ ಮೈಲಿ ತಳ್ಳಿಕೊಂಡು ಶೆಡ್ಡಿಗೆ ಬಂದೆವು.

ಸಾಲು ಬಾಬ್ ಬಿಳಿ ಅಂಗಿ ಹಾಕಿಕೊಂಡು ಇಗರ್ಜಿಯ ಪೂಜೆಗೆ ಹೊರಟಿದ್ದರು. ನಮ್ಮ ಮುಖ ನೋಡಿದರು. "ಬಾಯಿಯವರ ಅಕ್ಕನಿಗಾ?" ಎಂದರು. ಭಾವ ತಲೆಯಾಡಿಸಿದರು. ಸಾಲು ಬಾಬ್ ಅಲ್ಲೇ, ಆ ಬಿಳಿ ಅಂಗಿಯಲ್ಲೇ, ನೆಲಕ್ಕೆ ಕೂತರು.

ಕಾರ್ಬುರೇಟರಿನ ಬಟ್ಟಲನ್ನು ಬಿಚ್ಚಿ ಬೆಳಕಿಗೆ ಹಿಡಿದರು. ತಳದಲ್ಲಿ ಬೆಳ್ಳಗೆ, ತುಪ್ಪ ಕೂತ ಹಾಗೆ, ಹೆಪ್ಪುಗಟ್ಟಿದ ತೆಂಗಿನೆಣ್ಣೆ. ಉಗುರಿನಿಂದ ಕೆರೆದರೆ ಗೀರು ಬೀಳುವಷ್ಟು. ಅವರು ಭಾವನ ಕಡೆ ನೋಡಲಿಲ್ಲ. ತಲೆಯೆತ್ತಿ ನನ್ನನ್ನು ನೋಡಿದರು. ಒಂದು ಕ್ಷಣವಿರಬಹುದು. ಪ್ರಶ್ನೆ ಅವರ ತುಟಿಯವರೆಗೆ ಬಂದದ್ದು ನನಗೆ ಕಂಡಿತು. ಅಥವಾ ಕಂಡಿತೆಂದು ಈಗ ಅನಿಸುತ್ತದೆ.

ಅವರು ಕೇಳಲಿಲ್ಲ. ಎಂತ ಕುಡಿಸಿದ್ರಿ ಎಂಬುದು ಅವರಿಗೇ ಗೊತ್ತಿತ್ತು. ಎಷ್ಟು ದಿನ ಎಂದು ಕೇಳಲಿಲ್ಲ. ಹೇಗೆ ನಿಲ್ಲಿಸಿದ್ರಿ ಎಂದೂ ಕೇಳಲಿಲ್ಲ. ನನಗೆ ತಿಳಿದಂತೆ ಒಂದೂ ಪ್ರಶ್ನೆ ಕೇಳದೆ ಅವರು ಬಿಚ್ಚಿದ ಗಾಡಿ ಅದೊಂದೇ.

"ಕಾರ್ಮಿನ್, ಅನ್ನದ ನೀರು ಕುದೀತಾ ಉಂಟಾ? ಅಕ್ಕಿ ಹಾಕ್ಬೇಡ, ಇಲ್ಲಿ ತಾ!"

ಅವರ ಹೆಂಡತಿ ಪಾತ್ರೆಯನ್ನೇ ತಂದಿಟ್ಟರು. ಬಟ್ಟಲನ್ನೂ ಜೆಟ್ಟನ್ನೂ ಬಿಸಿನೀರಿಗೆ ಹಾಕಿದರು. ಎಣ್ಣೆ ಕರಗಿ ನೀರಿನ ಮೇಲೆ ಸಣ್ಣ ಸಣ್ಣ ನಾಣ್ಯಗಳ ಹಾಗೆ ತೇಲಿತು. ಜೆಟ್ಟನ್ನು ತೆಗೆದು ಊದಿದರು. ಗಾಳಿ ದಾಟಲಿಲ್ಲ.

"ತಂತಿ ಹಾಕಿ ಮಾರಾಯ್ರೇ!" ಭಾವ ಕೂಗಿದರು.

"ತಂತಿ ಹಾಕಿದ್ರೆ ತೂತು ದೊಡ್ಡದಾಗ್ತದೆ ಶೆಟ್ರೇ, ಫಳ್ನೀರು ಮುಟ್ಟುದಿಲ್ಲ. ಬಾಯಿ, ಒಂದು ಕೂದಲು ಕೊಡಿ. ಉದ್ದದ್ದು."

ಕಿತ್ತು ಕೊಟ್ಟೆ. ಆ ದಪ್ಪ ಬೆರಳುಗಳು ನನ್ನ ಕೂದಲನ್ನು ಮಡಚಿ, ತಿರುಚಿ, ಆ ಕಾಣದ ತೂತಿಗೆ ಪೋಣಿಸಿದವು. ಎರಡು ಸಲ ತಪ್ಪಿತು. ಮೂರನೆಯ ಸಲ ದಾಟಿತು. ಎಳೆದು, ಊದಿ, ಸೂರ್ಯನಿಗೆ ಹಿಡಿದು ನೋಡಿದರು. ಪ್ಲಗ್ಗಿನ ಮಸಿಯನ್ನು ಅಂಗಿಯ ಅಂಚಿನಲ್ಲೇ ಒರೆಸಿದರು. ಇಷ್ಟಕ್ಕೆ ಕಾಲು ಗಂಟೆ ಹಿಡಿಯಿತೆಂದು ನನ್ನ ನೆನಪು. ಒಂದು ಗಂಟೆಯೆಂದು ಭಾವ ಕೊನೆಯವರೆಗೂ ಹೇಳುತ್ತಿದ್ದರು.

ಎರಡನೆಯ ಕಿಕ್ಕಿಗೆ ಎಂಜಿನು ಹಿಡಿಯಿತು. ಹಪ್ಪಳದ ವಾಸನೆ ಶೆಡ್ಡನ್ನು ತುಂಬಿತು. ಭಾವ ಹತ್ತುವಾಗ ಸಾಲು ಬಾಬ್ ಗಟ್ಟಿಯಾಗಿ, ಎಂಜಿನಿನ ಸದ್ದಿನ ಮೇಲೆ, ಹೇಳಿದರು:

"ತಪ್ಪು ನನ್ನದು ಶೆಟ್ರೇ. ಈ ಎಣ್ಣೆ ಬೆರೆಸಬಾರದಿತ್ತು. ಬಾಯಾರಿಸಿ ಮಲಗಿಸಿದ್ರೂ ಇದು ಹೀಗೆಯೇ ಮಾಡ್ತದೆ."

ಲೇಡಿ ಡಾಕ್ಟರು ಸೀರೆಯ ಸೆರಗನ್ನು ಸೊಂಟಕ್ಕೆ ಬಿಗಿದು, ಚೀಲವನ್ನು ಎದೆಗವಚಿಕೊಂಡು, ಭಾವನ ಹಿಂದೆ ಕೂತು ಬಂದರು. ಅಕ್ಕ ಉಳಿದಳು. ಮಗು, ಗಂಡುಮಗು, ಉಳಿಯಲಿಲ್ಲ. ಸ್ವಲ್ಪ ಮೊದಲು ಬಂದಿದ್ದರೆ ಎಂದು ಡಾಕ್ಟರು ಹೇಳಿದರೋ, ಅಥವಾ ಅವರು ಹೇಳದೆ ನಾವೇ ಕೇಳಿಸಿಕೊಂಡೆವೋ ತಿಳಿಯದು.

ಭಾವ ಆಮೇಲೆ ಸಾಲು ಬಾಬರ ಶೆಡ್ಡಿನ ಮುಂದೆ ತಲೆ ತಗ್ಗಿಸಿ ಹಾದು ಹೋಗುತ್ತಿದ್ದರು. ಗಾಡಿಯನ್ನು ಮಾರಿಬಿಟ್ಟರು. "ಆ ಪೊರ್ಬು ಎಣ್ಣೆ ಬೆರೆಸಿ ಕೆಡಿಸಿದ" ಎಂದು ಯಾರೋ ನೆಂಟರು, ಕ್ರೈಸ್ತರಿಗೆ ತುಳುವರು ಹೇಳುವ ಮಾತನ್ನೇ ಬಳಸಿ, ಅಂದಾಗ ಭಾವ ಹೌದೆನ್ನಲಿಲ್ಲ, ಅಲ್ಲ ಎನ್ನಲೂ ಇಲ್ಲ. ನಾನೂ ಸುಮ್ಮನಿದ್ದೆ. ಎಣ್ಣೆ ಕೊಂಡುಹೋದವರು ನಾವು, ಬೇಡವೆಂದವರು ಅವರು ಎಂಬಷ್ಟನ್ನಾದರೂ ಹೇಳಬಹುದಿತ್ತು. ಹೇಳಿದರೆ ಮಾತು ಮುಂದುವರಿದು ಆ ಸಂಜೆಯವರೆಗೆ ಬಂದೀತೆಂದು ಹೆದರಿದೆ. ಇದನ್ನು ಬರೆಯಲು ನನಗೆ ಇಷ್ಟು ವರ್ಷ ಬೇಕಾಯಿತು.

ಬಿ.ಎ. ಮುಗಿಸಿ ಮದ್ರಾಸಿಗೆ ಟೀಚರ್ ತರಬೇತಿಯ ಬಿ.ಟಿ. ಓದಲು ಹೊರಡುವ ಹಿಂದಿನ ದಿನ ಶೆಡ್ಡಿಗೆ ಹೋದೆ. ಸಾಲು ಬಾಬ್ ಒಂದು ಸೈಕಲ್ಲಿನ ಪೆಡಲು ಬಿಚ್ಚುತ್ತಿದ್ದರು. ಅವರ ದೃಷ್ಟಿ ಮಂಜಾಗಿತ್ತು. ಸ್ವರದಿಂದ ಗುರುತಿಸಿದರು.

"ಬಾಯಿಯಾ? ಮದ್ರಾಸಿಗೆ ಹೋಗ್ತೀರಂತೆ. ಅಲ್ಲಿ ಚಳಿ ಇಲ್ಲ, ತೆಂಗಿನೆಣ್ಣೆ ಹೆಪ್ಪುಗಟ್ಟುದಿಲ್ಲ" ಎಂದರು. ಹೇಳಿದ ಮೇಲೆ ತಾವೇ ನಾಲಿಗೆ ಕಚ್ಚಿಕೊಂಡರು.

"ಸಾಲು ಬಾಬ್, ಆ ದಿನ ನೀವು ಯಾಕೆ ಕೇಳಲಿಲ್ಲ?"

"ಎಂತದ್ದು?"

"ಹೇಗೆ ನಿಲ್ಲಿಸಿದ್ರಿ ಅಂತ."

ಅವರು ಪೆಡಲನ್ನು ಕೆಳಗಿಟ್ಟರು. ಎಣ್ಣೆಯ ಕೈಯನ್ನು ಬಹಳ ಹೊತ್ತು ಒರೆಸಿಕೊಂಡರು.

"ಕೇಳಿದ್ರೆ ನೀವು ಹೇಳ್ತಿದ್ರಿ. ಶೆಟ್ರು ಅಲ್ಲೇ ನಿಂತಿದ್ರಲ್ಲ."

"ನಾನು ಎಂತ ಹೇಳ್ತಿದ್ದೆ?"

"ಅದು ನಿಮಗೇ ಗೊತ್ತಿರ್ಬೇಕು."

"ನನಗೆ ಗೊತ್ತಿಲ್ಲ ಬಾಬ್. ಆಣೆಯಾಗಿ ಗೊತ್ತಿಲ್ಲ. ಬಾಯಾರಿಸಿದ್ರೂ ಹೀಗೆ ಆಗ್ತದೆ ಅಂದ್ರಲ್ಲ ನೀವು, ಅದು ನಿಜವಾ?"

"ಬಿಚ್ಚಿದವ ನಾನು. ನಾನು ಹೇಳಿದ್ದು ಆಯ್ತು. ಕಾರ್ಮಿನ್, ಬಾಯಿಗೆ ಕಾಫಿ ಮಾಡು" ಎಂದು ಒಳಗೆ ಕೂಗಿದರು. ಕಾಫಿ ಬಂತು. ಆಮೇಲೆ ನಾವು ಮಾತಾಡಿದ್ದು ಮದ್ರಾಸಿನ ರೈಲಿನ ಬಗ್ಗೆ.

ನಾನು ಕೆಲಸ ಹಿಡಿದು ಮರಳುವಷ್ಟರಲ್ಲಿ ಆ ತಿರುವಿನಲ್ಲಿ ಬಾಡಿಗೆ ಸೈಕಲ್ಲಿನ ಅಂಗಡಿ ಬಂದಿತ್ತು. ಸಾಲು ಬಾಬ್ ಮಗಳಿದ್ದ ಬೊಂಬಾಯಿಗೆ ಹೋಗಿ ಅಲ್ಲೇ ತೀರಿಕೊಂಡರೆಂದು ಮೀನು ಮಾರುಕಟ್ಟೆಯಲ್ಲಿ ಯಾರೋ ಹೇಳಿದರು. ಮರ ಮಾತ್ರ ಇತ್ತು. ಜೀಗುಜ್ಜೆಯೋ ಹಲಸೋ ಎಂದು ಆಗಲಾದರೂ ತಲೆಯೆತ್ತಿ ನೋಡಬಹುದಿತ್ತು.

ಭಾವನೂ ಈಗ ಇಲ್ಲ. ಅವರಿರುವವರೆಗೆ ಕೇಳುವ ಧೈರ್ಯ ನನಗೆ ಬರಲಿಲ್ಲ. ಆ ಸಂಜೆ ಕಿಟಕಿಯ ಪಕ್ಕದಲ್ಲಿ ಮಲಗಿದ್ದು ಅಕ್ಕ. ಎಂಜಿನು ನಿಂತದ್ದನ್ನು ಎಲ್ಲರಿಗಿಂತ ಹತ್ತಿರದಿಂದ ಕೇಳಿದವಳು ಅವಳೇ. ಆಮೇಲೆ ಅವಳಿಗೆ ಇಬ್ಬರು ಹೆಣ್ಣುಮಕ್ಕಳಾದರು. ಆ ಮೊದಲನೆಯದರ ಮಾತನ್ನು ಅವಳು ಒಮ್ಮೆಯೂ ಎತ್ತಿದವಳಲ್ಲ. ಕಳೆದ ಡಿಸೆಂಬರಿನಲ್ಲಿ ಒಂದು ಬೆಳಿಗ್ಗೆ ಅವಳು ಜಗಲಿಯಲ್ಲಿ ಕೂತು, ಹೆಪ್ಪುಗಟ್ಟಿದ ಎಣ್ಣೆಯ ಬಾಟಲಿಯನ್ನು ಬಿಸಿಲಿಗಿಟ್ಟು, ಕರಗುವುದನ್ನು ಕಾಯುತ್ತಿದ್ದಳು. ನಾನು ಹತ್ತಿರ ಕೂತೆ. ಕೊನೆಗೆ ಕೇಳಿಯೇಬಿಟ್ಟೆ.

"ಅಕ್ಕ, ನಿನಗೆ ತಲೆ ಸುತ್ತು ಬಂದ ಆ ಸಂಜೆ, ಅಂಗಳದಲ್ಲಿ ಗಾಡಿ ನಿಲ್ಲುವ ಮೊದಲು ಒಂದು ಸಲ ಹಾಡಿತ್ತಾ?"